ಬೀಗ ಹಾಗೇ ಇತ್ತು

ಬೆಳಗ್ಗೆ 6 ಗಂಟೆಗೆ ಅಜ್ಜನ ಫೋನ್. "ಎರಡು ಹೋಗಿವೆ ಕಣಪ್ಪಾ" ಎಂದರು, ಅಷ್ಟೇ. ಅವರ ಕೊಟ್ಟಿಗೆಯಲ್ಲಿ ಇದ್ದದ್ದೇ 13 ಮೇಕೆ, ಒಂದು ಹಸು. ಹೋದ ಎರಡರಲ್ಲಿ ಒಂದು ಗಬ್ಬದ್ದು.

ಸಣ್ಣ ರೈತರ ದನ, ಕುರಿ, ಮೇಕೆ ಕಳ್ಳತನವಾಗದಂತೆ ಏನಾದರೂ ಮಾಡೋಣ ಅಂತ ನಾವು ನಾಲ್ಕು ಜನ ಬಿಡುವಿನ ದಿನಗಳಲ್ಲಿ ಓಡಾಡುತ್ತೇವೆ. ನನ್ನ ಕಸುಬು ವೈರಿಂಗ್. ಹಾಗಾಗಿ ಲೈಟು, ಬೆಲ್ಲು ಎಲ್ಲ ನನ್ನ ಪಾಲು. ಒಂದು ತಿಂಗಳ ಹಿಂದೆ ಇದೇ ಅಜ್ಜನ ಕೊಟ್ಟಿಗೆಗೆ ಸೆನ್ಸರ್ ಲೈಟ್ ಹಾಕಿಕೊಟ್ಟು, ಫೋಟೋ ತೆಗೆಸಿಕೊಂಡು ಬಂದಿದ್ದೆ. ಇನ್ನು ಇವರಿಗೆ ಭಯವಿಲ್ಲ ಅಂತ ತಿಳಿದುಕೊಂಡಿದ್ದೆ. ಆ ಫೋನ್ ಬಂದಾಗ ಮೊದಲು ನೆನಪಾಗಿದ್ದು ಆ ಫೋಟೋ.

ಹೋಗಿ ನೋಡಿದರೆ ಬಾಗಿಲಿಗೆ ಬೀಗ ಹಾಗೇ ಇತ್ತು. ದಪ್ಪ ಬೀಗ, ಗೀರು ಕೂಡ ಬಿದ್ದಿರಲಿಲ್ಲ. ಕಳ್ಳರು ಅದರ ತಂಟೆಗೇ ಹೋಗಿಲ್ಲ. ಇನ್ನೊಂದು ಬದಿಯ ಕೀಲುಗಳ ಸ್ಕ್ರೂ ಬಿಚ್ಚಿ, ಬಾಗಿಲನ್ನು ಬೀಗದ ಸಮೇತ ಪಕ್ಕಕ್ಕೆ ಸರಿಸಿದ್ದಾರೆ. ಬಿಚ್ಚಿದ ಎಂಟು ಸ್ಕ್ರೂಗಳನ್ನು ಗೋಡೆ ಪಕ್ಕದ ಕಲ್ಲಿನ ಮೇಲೆ ಸಾಲಾಗಿ ಇಟ್ಟು ಹೋಗಿದ್ದರು. ಆ ಸಾಲು ನೋಡಿ ನನಗೆ ಮೈ ಜುಮ್ ಅಂತು. ಅವರಿಗೆ ಅವಸರವೇ ಇರಲಿಲ್ಲ.

"ಲೈಟ್ ಹತ್ತಲಿಲ್ವಾ ಅಜ್ಜಿ?" ಅಂತ ಕೇಳಿದೆ.

ಅಜ್ಜಿ ನೆಲ ನೋಡಿದರು. "ರಾತ್ರಿಯೆಲ್ಲ ಹತ್ತೋದು, ಆರೋದು, ಹತ್ತೋದು, ಆರೋದು. ಮೇಕೆಗಳೂ ಮಲಗಲಿಲ್ಲ, ನಾವೂ ಮಲಗಲಿಲ್ಲ. ಒಂದು ವಾರ ನೋಡಿ ಆಫ್ ಮಾಡಿದ್ವಿ."

"ನನಗೊಂದು ಮಾತು ಹೇಳಬಾರದಿತ್ತಾ?"

"ಪಾಪ, ಅಷ್ಟು ಕಷ್ಟಪಟ್ಟು ಹಾಕಿಕೊಟ್ಟಿದ್ದೆ. ಬೇಜಾರ್ ಮಾಡ್ಕೋತೀಯೇನೋ ಅಂತ."

ತಪ್ಪು ನನ್ನದೇ. ಆ ಸೆನ್ಸರ್‌ಗೆ ಕಳ್ಳ ಯಾರು, ಮೇಕೆ ಯಾವುದು ಅಂತ ಗೊತ್ತಾಗುವುದಿಲ್ಲ. ಎದುರಿಗೆ ಮೈಶಾಖ ಅಲುಗಾಡಿದರೆ ಸಾಕು, ಹತ್ತಿಕೊಳ್ಳುತ್ತದೆ. ಮೇಕೆಯ ಮೈ ಸುಮಾರು 39 ಡಿಗ್ರಿ, ನಮಗಿಂತ ಬಿಸಿ. ಅಂಥದ್ದರ ಮುಖವನ್ನು 13 ಮೇಕೆಗಳ ಕಡೆಗೆ ತಿರುಗಿಸಿ ಹಾಕಿದ್ದೆ ನಾನು. ಹಾಕಿದ ಮೇಲೆ ಒಂದು ರಾತ್ರಿಯಾದರೂ ಅಲ್ಲಿ ಕೂತು ನೋಡಿದ್ದರೆ ತಿಳಿಯುತ್ತಿತ್ತು. ಕೂರಲಿಲ್ಲ.

ಅಷ್ಟರಲ್ಲಿ ಅಜ್ಜ ಹತ್ತಿರ ಬಂದರು. "ಎರಡಕ್ಕೂ ಕಿವಿ ಓಲೆ ಇದೆಯಲ್ಲಪ್ಪಾ. ಮೊಬೈಲಲ್ಲಿ ನೋಡಿ ಹೇಳು, ಎಲ್ಲಿವೆ?"

ಈ ಪ್ರಶ್ನೆ ನನಗೆ ಹೊಸದಲ್ಲ. ಆದರೆ ಅವತ್ತು ಉತ್ತರ ಹೇಳುವುದು ತುಂಬಾ ಕಷ್ಟವಾಯಿತು. ಗುರುತಿಗೆಂದು ಕಿವಿಗೆ ಚುಚ್ಚುವ ಆ ಓಲೆಯೊಳಗೆ ಚಿಪ್ ಇರುವುದು ನಿಜ, ಅದರಲ್ಲಿ 15 ಅಂಕಿಯ ನಂಬರ್ ಇರುವುದೂ ನಿಜ. ಆದರೆ ಬ್ಯಾಟರಿ ಇಲ್ಲ. ಓದುವ ಯಂತ್ರವನ್ನು ಕಿವಿಯ ಹತ್ತಿರ ಹಿಡಿದರೆ ಮಾತ್ರ ನಂಬರ್ ಹೇಳುತ್ತದೆ. ಮೇಕೆ ಎಲ್ಲಿದೆ ಅಂತ ಅದಕ್ಕೇ ಗೊತ್ತಿರುವುದಿಲ್ಲ. ಸ್ಥಳ ತೋರಿಸುವುದು ಜಿಪಿಎಸ್ ಕೊರಳಪಟ್ಟಿ. ಅದನ್ನು ಬೇರೊಬ್ಬ ರೈತರು ಹಾಕಿಸಿದ್ದರು. ಕಳ್ಳರು ಪಟ್ಟಿ ಕತ್ತರಿಸಿ ಬೇಲಿಗೆ ಎಸೆದು ಹೋದರು. ಎರಡು ದಿನ ಅದು ಬೇಲಿ ಎಲ್ಲಿದೆ ಅನ್ನುವುದನ್ನು ಕರಾರುವಾಕ್ಕಾಗಿ ತೋರಿಸುತ್ತಲೇ ಇತ್ತು.

ದೂರು ಕೊಡಲು ಹೋದೆವು. ಬರೆದುಕೊಳ್ಳುವವರು ಗುರುತು ಕೇಳಿದರು. ಅಜ್ಜಿ ಹೇಳಿದರು: "ಒಂದು ಸ್ವಲ್ಪ ಸಿಟ್ಟಿಂದು. ಇನ್ನೊಂದು ಭಾಳ ಮೆತ್ತಗಿಂದು, ನಾನು ಕೂಗಿದ್ರೆ ಎಲ್ಲಿದ್ರೂ ಬರುತ್ತೆ." ಅವರು ಬರೆದುಕೊಂಡಿದ್ದು: ಕಪ್ಪು ಮೇಕೆ, ಎರಡು. ಅವರನ್ನು ಬೈಯುವಂತಿಲ್ಲ, ಬೇರೆ ಏನು ಬರೆಯುತ್ತಾರೆ? ಅಜ್ಜಿಗೆ ಕತ್ತಲಲ್ಲಿ ಕೆಮ್ಮಿನ ಸದ್ದು ಕೇಳಿದರೂ ಸಾಕು, ಯಾವ ಮೇಕೆ ಅಂತ ತಿಳಿಯುತ್ತದೆ. ಅದು ಕಾಗದಕ್ಕೆ ಇಳಿಯಬೇಕಲ್ಲ. ಓಲೆ ನಂಬರ್ ಬರೆದಿಟ್ಟ ಚೀಟಿಯೂ ಮನೆಯಲ್ಲಿ ಸಿಗಲಿಲ್ಲ.

ಮಧ್ಯಾಹ್ನ ಏಳನೇ ಕ್ಲಾಸಿನ ಮೊಮ್ಮಗಳನ್ನು ಕೂರಿಸಿಕೊಂಡು ಉಳಿದವುಗಳ ಲೆಕ್ಕ ಶುರು ಮಾಡಿದೆವು. ಪ್ರತಿ ಮೇಕೆಗೂ ಎರಡು ಪಕ್ಕದಿಂದ, ಮುಂದಿನಿಂದ, ಹಿಂದಿನಿಂದ ಒಂದೊಂದು ಫೋಟೋ. ಹಿಡಿದುಕೊಂಡವರು ಫೋಟೋದಲ್ಲಿ ಕಾಣಲೇಬೇಕು. ಯಾರ ಮೇಕೆ ಎಂದು ನಾಳೆ ವಾದ ಬಂದರೆ ಅದೂ ಒಂದು ಆಧಾರ. ಅಜ್ಜಿ ಗುರುತು ಹೇಳುತ್ತಾ ಹೋದರು, ಹುಡುಗಿ ನೋಟ್‌ಬುಕ್ಕಿಗೆ ಇಳಿಸುತ್ತಾ ಹೋದಳು. ಎಡಗಿವಿ ತುದಿ ಸೀಳು. ಬಲಗೊಂಬು ಒಳಕ್ಕೆ ಬಾಗಿದೆ. ಹೊಟ್ಟೆಯಡಿ ಅಂಗೈಯಷ್ಟು ಬಿಳಿ. ನನಗೆ ಎಲ್ಲವೂ ಒಂದೇ ಥರ ಕಾಣುತ್ತಿದ್ದ ಮೇಕೆಗಳು ಒಂದೊಂದಾಗಿ ಬೇರೆಯಾದವು. ಕಿವಿಯೊಳಗೆ ಹಚ್ಚೆ ಹಾಕಲು ನಮ್ಮ ತಂಡದವನೊಬ್ಬ ಮರುದಿನ ಬರುವುದು ಅಂತ ಆಯಿತು. ಓಲೆ ಕಿತ್ತು ಬಿಸಾಕುವುದು ಸುಲಭ, ಹಚ್ಚೆಯನ್ನು ಕೀಳಲಾಗುವುದಿಲ್ಲ. ಕಪ್ಪು ಕಿವಿಯಲ್ಲಿ ಹಸಿರು ಶಾಯಿಯೇ ಚೆನ್ನಾಗಿ ಕಾಣುವುದು.

ಹಸುವಿನದೇ ದೊಡ್ಡ ಕೆಲಸ. ಹಸುವಿನ ಮೂಗಿನ ಮೇಲಿನ ಗೆರೆಗಳು ನಮ್ಮ ಹೆಬ್ಬೆಟ್ಟಿನ ಹಾಗೆ, ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ. 1922ರಲ್ಲೇ ಪೀಟರ್ಸನ್ ಎಂಬ ಸಂಶೋಧಕ ಇದನ್ನು ಗುರುತಿಗೆ ಬಳಸುವ ಬಗ್ಗೆ ಬರೆದಿದ್ದ. ಆಗ ಶಾಯಿ ಹಚ್ಚಿ ಅಚ್ಚು ತೆಗೆಯುತ್ತಿದ್ದರು, ಈಗ ಹತ್ತಿರದಿಂದ ಒಳ್ಳೆ ಫೋಟೋ ಇದ್ದರೂ ಆಗುತ್ತದೆ. ಕೇಳಲು ಸುಲಭ. ಆದರೆ ಮೂಗಿನ ಮೇಲೆ ಸದಾ ನೀರ ಹನಿ. ಬಟ್ಟೆಯಲ್ಲಿ ಒರೆಸಿ ಕ್ಯಾಮೆರಾ ಹಿಡಿಯುವಷ್ಟರಲ್ಲಿ ಉದ್ದ ನಾಲಿಗೆ ಬಂದು ಮೂಗನ್ನು ಒದ್ದೆ ಮಾಡಿ ಹೋಗುತ್ತದೆ. ಒರೆಸುವುದು, ನೆಕ್ಕುವುದು, ಒರೆಸುವುದು, ನೆಕ್ಕುವುದು. ಬೆಳಗ್ಗೆಯಿಂದ ಮುಖ ಬಾಡಿಸಿಕೊಂಡಿದ್ದ ಅಜ್ಜಿ ಅಲ್ಲಿ ಮೊದಲ ಸಲ ನಕ್ಕರು. ಹನ್ನೊಂದನೇ ಸಲಕ್ಕೆ ಒಂದು ಫೋಟೋ ಸಿಕ್ಕಿತು.

ಬಾಗಿಲಿಗೆ ಸ್ಕ್ರೂ ತೆಗೆದು ಆರಪಾರ ಬೋಲ್ಟ್ ಹಾಕಿದೆ, ನಟ್ ಒಳಗಡೆ. ಅರ್ಧ ಗಂಟೆಯ ಕೆಲಸ. ತಿಂಗಳ ಹಿಂದೆಯೇ ಮಾಡಬಹುದಿತ್ತು. ಗಾಡಿ ಬರುವ ದಾರಿಗೆ ಅಡ್ಡಲಾಗಿ ಸರಪಳಿ. ಬಲವಾದ ಎರಡು ಮೇಕೆಗಳನ್ನು ಹೊತ್ತುಕೊಂಡು ಯಾರೂ ಜಾಸ್ತಿ ದೂರ ನಡೆಯುವುದಿಲ್ಲ, ಗಾಡಿ ಹತ್ತಿರ ಬರಲೇಬೇಕು.

ಸೆನ್ಸರನ್ನು ಕಿತ್ತು ದಾರಿಯ ತಿರುವಿನಲ್ಲಿ, ಮೇಕೆಗಳು ರಾತ್ರಿ ಹೋಗದ ಕಡೆ, ನಾಯಿಗಿಂತ ಎತ್ತರಕ್ಕೆ ಹಾಕಿದೆ. ಹಾಂ, ನಾಯಿ. ಕಳ್ಳತನಕ್ಕೆ ಮೂರು ದಿನ ಮೊದಲು ಯಾರೋ ಇಬ್ಬರು ಮೇಕೆ ಕೊಳ್ಳುವವರಂತೆ ಬಂದು, ವ್ಯಾಪಾರ ಮಾಡದೆ, ನಾಯಿಗೆ ಏನೋ ತಿನ್ನಿಸಿ ಮಾತಾಡಿಸಿ ಹೋಗಿದ್ದರಂತೆ. ಆ ರಾತ್ರಿ ಅದು ಬೊಗಳಲೇ ಇಲ್ಲ.

ಆದರೆ ಅಜ್ಜನಿಗೆ ಅನುಮಾನ ಆ ಇಬ್ಬರ ಮೇಲಲ್ಲ, ಪಕ್ಕದ ಮನೆಯ ಹುಡುಗನ ಮೇಲೆ. "ಒಳಗಿನ ವಿಷಯ ಅವನಿಗಲ್ದೆ ಯಾರಿಗೆ ಗೊತ್ತು?" ಅಂತ ಗೊಣಗುತ್ತಿದ್ದರು. ಕಳ್ಳರು ಮೇಕೆಯ ಜೊತೆ ನೆರೆಹೊರೆಯ ನಂಬಿಕೆಯನ್ನೂ ಹೊತ್ತುಕೊಂಡು ಹೋಗುತ್ತಾರೆ ನೋಡಿ. ಸೆನ್ಸರ್ ಹತ್ತಿದಾಗ ಹೊಡೆದುಕೊಳ್ಳುವ ಬೆಲ್ಲನ್ನು ನಾನು ಅದೇ ಹುಡುಗನ ಮನೆಯಲ್ಲೂ ಒಂದು ಇಡಬೇಕೆಂದಿದ್ದೆ. ವಯಸ್ಸಾದವರಿಬ್ಬರು ಎದ್ದು ಕೂರುವಷ್ಟರಲ್ಲಿ ಗಾಡಿ ಊರು ದಾಟಿರುತ್ತದೆ. ಅಜ್ಜ ಬೇಡವೆಂದರು. ಅಜ್ಜಿ ಅವರ ಮಾತಿಗೆ ಕಾಯದೆ ಬೆಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡು ತಾವೇ ಹೋಗಿ ಕೊಟ್ಟು ಬಂದರು.

ಈ ಸಲ ನಾನು ರಾತ್ರಿ ಅಲ್ಲೇ ಉಳಿದೆ. 2 ಗಂಟೆ ದಾಟಿರಬೇಕು, ಎರಡೂ ಮನೆಯಲ್ಲಿ ಬೆಲ್ಲು ಹೊಡೆದುಕೊಂಡಿತು. ನಾನು ಎದ್ದು ಟಾರ್ಚ್ ಹುಡುಕುವಷ್ಟರಲ್ಲಿ ಪಕ್ಕದ ಮನೆ ಹುಡುಗ ದೊಣ್ಣೆ ಹಿಡಿದು ತಿರುವಿನಲ್ಲಿದ್ದ.

"ನಾನೇ, ನಾನೇ! ಹೊಡೀಬೇಡ ಮಾರಾಯ!"

ಸರಪಳಿ ಸರಿಯಾಗಿ ಹಾಕಿದ್ದೇನಾ ಅಂತ ಅಜ್ಜ ನೋಡಲು ಹೋಗಿದ್ದರು. ಹುಡುಗ ದೊಣ್ಣೆ ಕೆಳಗಿಳಿಸಿದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

"ಎಷ್ಟಿವೆ ತಾತಾ?" ಅಂತ ಕೇಳಿದ.

"ಹನ್ನೊಂದು. ಬಾ, ನೀನೂ ಒಂದು ಸಲ ಎಣಿಸು."