ಗುಂಯ್ ಎನ್ನದ ಪೆಟ್ಟಿಗೆ

ಮನೆಯವರೆಲ್ಲ ಮಲಗಿದ ಮೇಲೆ ನನ್ನ ಕೆಲಸ ಶುರು. ಮೈಕ್ ಮುಂದೆ ಕೂತು ಕಥೆ ಓದುತ್ತೇನೆ, ರೆಕಾರ್ಡ್ ಮಾಡುತ್ತೇನೆ, ತಡವರಿಸಿದ ಕಡೆ ಕತ್ತರಿಸುತ್ತೇನೆ. ತೊಂದರೆ ಏನಪ್ಪಾ ಅಂದ್ರೆ, ನಾನು ಬಾಯಿ ಮುಚ್ಚಿದಾಗಲೆಲ್ಲ ಕಂಪ್ಯೂಟರ್ ಬಾಯಿ ತೆಗೆಯುತ್ತಿತ್ತು. ಗುಂಯ್. ಸ್ವಲ್ಪ ಹೊತ್ತು ಬಿಟ್ಟು ಇನ್ನೂ ಜೋರಾಗಿ ಗುಂಯ್ಯ್. ಎರಡು ವಾಕ್ಯದ ನಡುವೆ ಉಸಿರು ಎಳೆದುಕೊಂಡರೆ ಸಾಕು, ಅಲ್ಲಿ ಅದೇ. ಶಬ್ದ ತೆಗೆಯುವ ಸಾಫ್ಟ್‌ವೇರ್ ಹಾಕಿ ನೋಡಿದೆ. ಗುಂಯ್ ಹೋಯಿತು, ಜೊತೆಗೆ ನನ್ನ ದನಿಯ ಅರ್ಧ ಜೀವವೂ ಹೋಯಿತು. ಕೊಡದೊಳಗೆ ತಲೆ ಹಾಕಿ ಮಾತಾಡಿದ ಹಾಗೆ ಕೇಳುತ್ತಿತ್ತು.

ಅನುಮಾನ ಬಂದದ್ದು ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಜೊತೆ ಡಬ್ಬದಲ್ಲೇ ಬಂದಿದ್ದ, ಅದನ್ನು ತಣ್ಣಗಿಡುವ ಕೂಲರ್ ಮೇಲೆ. ಅಂಗೈಯಗಲದ ಅಲ್ಯೂಮಿನಿಯಂ ತುಂಡು, ಅದರ ಮೇಲೊಂದು ಪುಟ್ಟ ಫ್ಯಾನ್. ಚಿಕ್ಕ ಫ್ಯಾನ್ ಆದ್ದರಿಂದ ಸಾಕಷ್ಟು ಗಾಳಿ ತಳ್ಳಲು ಜೋರಾಗಿ ತಿರುಗಲೇಬೇಕು. ಫ್ಯಾನಿನ ಲೆಕ್ಕ ವಿಚಿತ್ರವಾಗಿದೆ. ವೇಗ ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಶಬ್ದ ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೇ ನಮ್ಮ ಕಿವಿಗೆ ಶಬ್ದ ಅರ್ಧವಾದಂತೆ. ಅರ್ಧ ವೇಗದಲ್ಲಿ ತಿರುಗುವ ಅಂಥವೇ ಎರಡು ಫ್ಯಾನ್ ಹಾಕಿದರೆ ಗಾಳಿ ಮೊದಲಿನಷ್ಟೇ ಬಂತಲ್ವಾ? ಎರಡನೆಯದರಿಂದ ಸೇರುವುದು ಬರೀ 3 ಡೆಸಿಬಲ್. ಅಂದರೆ 12 ಡೆಸಿಬಲ್ ಲಾಭ.

ಇಷ್ಟು ತಿಳಿದ ಮೇಲೆ ಆಸ್ಟ್ರಿಯಾದ ನೊಕ್ಟುವಾ ಕಂಪನಿಯ ಎನ್‌ಎಚ್-ಡಿ15 ಕೂಲರ್ ತರಿಸಿದೆ. ಕಂದು ಫ್ಯಾನ್‌ಗಳಿಗೆ ಹೆಸರಾದ ಕಂಪನಿ. ಆ ಬಣ್ಣ ನೋಡಿದವರೆಲ್ಲ ನಗುತ್ತಾರೆ, ನಗಲಿ. 165 ಮಿ.ಮೀ. ಎತ್ತರ, ಫ್ಯಾನ್ ಸೇರಿ 1.3 ಕೆ.ಜಿ. ತೂಕ, 140 ಮಿ.ಮೀ.ನ ಎರಡು ಫ್ಯಾನ್. ತಳದಿಂದ ಆರು ಹೀಟ್ ಪೈಪ್ ಹೊರಟು, ಎರಡು ಗೋಪುರಗಳಂತೆ ನಿಂತ ತೆಳು ಲೋಹದ ರೆಕ್ಕೆಗಳ ನಡುವೆ ಹಾದು ಹೋಗುತ್ತವೆ. ಹೀಟ್ ಪೈಪ್ ನನಗೆ ತುಂಬ ಇಷ್ಟವಾದ ವಸ್ತು. ಗಾಳಿ ತೆಗೆದು ಮುಚ್ಚಿದ ತಾಮ್ರದ ಕೊಳವೆ, ಒಳಗೆ ಚೂರೇ ಚೂರು ನೀರು. ಒತ್ತಡ ಕಡಿಮೆ ಇರುವುದರಿಂದ ನೀರು ಬೇಗ ಆವಿಯಾಗುತ್ತದೆ. ಆವಿ ತಣ್ಣನೆಯ ತುದಿಗೆ ಓಡಿ, ಅಲ್ಲಿ ಬಿಸಿ ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ಕೊಳವೆಯ ಒಳಗೋಡೆಯಲ್ಲಿರುವ ಪದರ ಆ ನೀರನ್ನು ವಾಪಸ್ ಎಳೆದು ತರುತ್ತದೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಪಂಪು ಬೇಡ, ಕರೆಂಟು ಬೇಡ, ಸದ್ದೂ ಇಲ್ಲ. ವಾಟರ್ ಕೂಲಿಂಗ್ ಯಾಕೆ ಹಾಕಲಿಲ್ಲ ಅಂತ ಕೇಳುವವರಿಗೆ ಇದೇ ಉತ್ತರ. ಅದರಲ್ಲಿ ನೀರು ಸುತ್ತಿಸಲು ಪಂಪು ಬೇಕು, ಫ್ಯಾನಿನ ಸದ್ದಿಗೆ ಪಂಪಿನ ಸದ್ದೂ ಸೇರುತ್ತದೆ.

ಹಳೆ ಕೂಲರ್ ಬಿಚ್ಚುವಾಗ ಜೀವ ಬಾಯಿಗೆ ಬಂತು. ಸ್ಕ್ರೂ ತೆಗೆದು ಮೇಲಕ್ಕೆ ಎಳೆದೆ. ಬರಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ಎಳೆದೆ. ಚಟ್ ಅಂತ ಬಂತು, ಪ್ರೊಸೆಸರ್ ಸಮೇತ! ಪ್ರೊಸೆಸರಿನ ಬಿಸಿ ಕೂಲರಿಗೆ ದಾಟಲೆಂದು ನಡುವೆ ಹಚ್ಚಿದ್ದ ಹಳೆ ಥರ್ಮಲ್ ಪೇಸ್ಟ್ ಅಂಟಿನಂತೆ ಗಟ್ಟಿಯಾಗಿ ಹಿಡಿದಿತ್ತು. ನನ್ನದು ತಳದಲ್ಲೇ ಪಿನ್‌ಗಳಿರುವ ಪ್ರೊಸೆಸರ್, ಅದನ್ನು ಹಿಡಿದಿಡುವ ಸಾಕೆಟ್ಟಿನ ಲಿವರ್ ಹಾಕಿದ್ದಂತೆಯೇ ಕಿತ್ತು ಬಂದಿತ್ತು. ತಿರುಗಿಸಿ ದೀಪಕ್ಕೆ ಹಿಡಿದರೆ, ಭತ್ತದ ಸಸಿ ನೆಟ್ಟ ಹಾಗೆ ನೇರ ಸಾಲುಗಳು. ಒಂದು ಮೂಲೆಯಲ್ಲಿ ಮಾತ್ರ ಒಂದು ಪಿನ್ ಪಕ್ಕದ್ದರ ಮೇಲೆ ಒರಗಿತ್ತು. ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ತುದಿಯನ್ನು ಆ ಪಿನ್ನಿಗೆ ಟೋಪಿಯಂತೆ ತೊಡಿಸಿ, ಕೂದಲೆಳೆಯಷ್ಟೇ ಎತ್ತಿದೆ. ನೋಡಿದೆ. ಮತ್ತೆ ಎತ್ತಿದೆ. ಹೀಗೇ ಇಪ್ಪತ್ತು ನಿಮಿಷ. ಕೊನೆಗೆ ಸಾಕೆಟ್ಟಿನ ಮೇಲಿಟ್ಟಾಗ ಒತ್ತದೆಯೇ ತಾನಾಗಿ ಕೂತಿತು. ಆಗಲೇ ನಾನು ಸರಿಯಾಗಿ ಉಸಿರಾಡಿದ್ದು. ನೀವು ಮಾಡುವುದಾದರೆ ಕಂಪ್ಯೂಟರ್ ಸ್ವಲ್ಪ ಹೊತ್ತು ಓಡಿಸಿ, ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ತಿರುವಿ ಬಿಡಿಸಿ. ನೇರ ಎಳೆಯಬೇಡಿ.

ಹೊಸದು ಕೂರಿಸಿದ್ದು ಅರ್ಧ ಗಂಟೆಯ ಕೆಲಸ. ಆದರೆ ಮುಂದಿನ ಫ್ಯಾನ್ ಸರಿಯಾಗಿ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ಮೇಲೆ ಬರುತ್ತದೆ. ನನ್ನ ರ‍್ಯಾಮ್‌ಗೆ ಯಾರೋ ಕಿರೀಟ ಇಟ್ಟಿದ್ದಾರೆ, ಅಲಂಕಾರಕ್ಕೆ. ಫ್ಯಾನನ್ನು ಒಂದಿಷ್ಟು ಮೇಲಕ್ಕೆ ಜಾರಿಸಿದೆ, ಕ್ಯಾಬಿನೆಟ್ ಬಾಗಿಲು ಹಾಕಲಾಗಲಿಲ್ಲ. ಕೊನೆಗೆ ಮುಂದಿನ ಫ್ಯಾನ್ ತೆಗೆದು ಡಬ್ಬಕ್ಕೆ ಹಾಕಿ, ನಡುವಿನ ಒಂದನ್ನೇ ಬಿಟ್ಟೆ. ಎರಡು ಫ್ಯಾನಿನ ಲೆಕ್ಕ ಅಷ್ಟು ಜಂಬದಿಂದ ಹೇಳಿದ್ದು ಎಲ್ಲಿ ಹೋಯಿತು ಅಂತ ಕೇಳಬೇಡಿ. ಒಂದು ಫ್ಯಾನೂ ಸಾಕಾಯಿತು.

ಕ್ಯಾಬಿನೆಟ್ ಫ್ಯಾನ್‌ಗಳ ಕಥೆ ಇನ್ನೂ ನಾಚಿಕೆಗೇಡು. ಎರಡೂ ಫ್ಯಾನ್ ಮೂರು ಪಿನ್ನಿನವು. ಕಂಪ್ಯೂಟರ್ ಶುರುವಾಗುವಾಗಲೇ ತೆರೆಯುವ ಮೂಲ ಸೆಟ್ಟಿಂಗ್ ಪುಟವಾದ ಬಯೋಸ್‌ನಲ್ಲಿ ಅವುಗಳ ಸೆಟ್ಟಿಂಗ್ ಪಿಡಬ್ಲ್ಯುಎಂ ಎಂದಿತ್ತು. ಅದು ನಾಲ್ಕು ಪಿನ್ನಿನ ಫ್ಯಾನಿಗೆ, ನಾಲ್ಕನೇ ತಂತಿಯಲ್ಲಿ ವೇಗ ಹೇಳುವ ವಿಧಾನ. ಮೂರು ಪಿನ್ನಿನದಕ್ಕೆ ಆ ನಾಲ್ಕನೇ ತಂತಿಯ ಮಾತು ಕೇಳಿಸುವುದೇ ಇಲ್ಲ, ಪೂರ್ತಿ 12 ವೋಲ್ಟ್ ಕುಡಿದು ಓಡುತ್ತಲೇ ಇರುತ್ತದೆ. ವೋಲ್ಟೇಜ್ ಇಳಿಸಿ ವೇಗ ತಗ್ಗಿಸುವ ಡಿಸಿಗೆ ಬದಲಾಯಿಸಿದೆ, ಅಷ್ಟೇ. ವರ್ಷಗಟ್ಟಲೆ ಸಹಿಸಿದ ಗಲಾಟೆಯ ಅರ್ಧ ಪಾಲು ಒಂದೇ ಕ್ಲಿಕ್ಕಿಗೆ ಮುಗಿಯಿತು. ಹೊಸ ಕೂಲರ್ ತರಿಸುವ ಮೊದಲು ನೋಡಬೇಕಿತ್ತು.

ಇಷ್ಟಾದ ಮೇಲೆ ನಿಶ್ಶಬ್ದ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ದೊಡ್ಡವರು ಎದ್ದು ಹೋದ ಮೇಲೆ ಚಿಕ್ಕವರು ಮಾತು ಶುರು ಮಾಡುವ ಹಾಗೆ, ಅಲ್ಲಿಯವರೆಗೆ ಕೇಳದ ಸದ್ದುಗಳೆಲ್ಲ ಹೊರಬಂದವು. ಮೊದಲು ಟಿಕ್ ಟಿಕ್ ಟಿಕ್. ಸಡಿಲವಾಗಿದ್ದ ವೈರೊಂದು ಫ್ಯಾನಿನ ರೆಕ್ಕೆಗೆ ತಾಗುತ್ತಿತ್ತು, ಕಟ್ಟಿಹಾಕಿದೆ. ಆಮೇಲೆ ಒಂದು ಸಣ್ಣ ಹೂಂಕಾರ, ಮೇಜಿನ ಮೇಲೆ ಕೈಯಿಟ್ಟರೆ ಬೆರಳಿಗೂ ತಿಳಿಯುತ್ತಿತ್ತು. ಅದು ಹಳೆ ಹಾರ್ಡ್ ಡಿಸ್ಕ್. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಆ ನಡುಕ ಸ್ಕ್ರೂ ಮೂಲಕ ಇಡೀ ತಗಡಿಗೆ ಹಬ್ಬಿ, ಕ್ಯಾಬಿನೆಟ್ಟೇ ತಂಬೂರಿಯಾಗಿತ್ತು. ಹೊಲಿಗೆ ಡಬ್ಬದಿಂದ ಎಲಾಸ್ಟಿಕ್ ತೆಗೆದು, ಹಾರ್ಡ್ ಡಿಸ್ಕಿಗೆ ಜೋಲಿ ಕಟ್ಟಿ ತೂಗುಹಾಕಿದೆ. ತಗಡಿಗೆ ಎಲ್ಲೂ ತಾಗದ ಹಾಗೆ. ಹೂಂಕಾರ ನಿಂತಿತು. ನೋಡಲು ಮಾತ್ರ ಅಸಹ್ಯ.

ಕೊನೆಗೆ ಉಳಿದದ್ದು ಏರಿಳಿತ. ಬ್ರೌಸರ್ ತೆರೆದರೆ ಸಾಕು, ಪ್ರೊಸೆಸರ್ ಒಂದು ಕ್ಷಣ ಜಿಗಿದು, ಬಿಸಿ 15 ಡಿಗ್ರಿ ಮೇಲೇರಿ, ಫ್ಯಾನ್ ಗಾಬರಿಯಿಂದ ಎದ್ದು, ಎರಡು ಸೆಕೆಂಡಿಗೆ ಮತ್ತೆ ಮಲಗುತ್ತಿತ್ತು. ಕಿವಿಗೆ ಹಿಂಸೆ ಆಗುವುದು ಇದರಿಂದಲೇ. ಒಂದೇ ಸಮನೆ ಸುರಿಯುವ ಮಳೆಯಲ್ಲಿ ನಿದ್ದೆ ಬರುತ್ತೆ, ನಲ್ಲಿ ತೊಟ್ಟಿಕ್ಕಿದರೆ ಬರಲ್ಲ. ಹಾಗಾಗಿ ಬಯೋಸ್‌ನಲ್ಲಿ ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಎಂದು ಹೇಳುವ ಗೆರೆಯನ್ನು 65 ಡಿಗ್ರಿವರೆಗೂ ಚಪ್ಪಟೆ ಮಾಡಿದೆ. ಅಲ್ಲಿವರೆಗೆ ನಿಮಿಷಕ್ಕೆ 600 ಸುತ್ತಿನ ಆಸುಪಾಸು ತಿರುಗುತ್ತಿರು, ತಲೆ ಕೆಡಿಸ್ಕೋಬೇಡ ಅಂತ. ಕಿಲೋ ತೂಕದ ಲೋಹ ಇರುವುದೇ ಆ ಚಿಕ್ಕ ಜಿಗಿತಗಳನ್ನು ನುಂಗಲು. ಆಡಿಯೋ ಎಡಿಟ್ ಮಾಡುವಾಗ ಬಿಸಿ ಆ 65 ದಾಟಿದ್ದನ್ನು ನಾನಿನ್ನೂ ನೋಡಿಲ್ಲ.

ಇದೇ ಉಮೇದಿನಲ್ಲಿ, ಕತ್ತಲಲ್ಲಿ ಕಣ್ಣಿಗೆ ಚುಚ್ಚುತ್ತೆ ಅಂತ ಕಂಪ್ಯೂಟರ್ ಆನ್ ಇದೆ ಎಂದು ತೋರಿಸುವ ಮುಂದಿನ ನೀಲಿ ದೀಪದ ವೈರನ್ನೂ ಕಿತ್ತು ಹಾಕಿದ್ದೆ.

ಮೊನ್ನೆ ರಾತ್ರಿ ನಲವತ್ತು ನಿಮಿಷ ಒಂದೂ ತಪ್ಪಿಲ್ಲದೆ ಓದಿದೆ. ಅಪರೂಪ. ರೆಕಾರ್ಡಿಂಗ್ ನಿಲ್ಲಿಸದೆ, ಸೇವ್ ಕೂಡ ಮಾಡದೆ, ನೀರು ಕುಡಿಯಲು ಎದ್ದು ಹೋದೆ. ವಾಪಸ್ ಬಂದರೆ ಮಗಳು ನಿದ್ದೆಗಣ್ಣಲ್ಲಿ ಮೇಜಿನ ಹತ್ತಿರ ನಿಂತಿದ್ದಾಳೆ. ಸ್ಕ್ರೀನ್ ಕಪ್ಪಗಿದೆ.

"ಅಪ್ಪಾ, ಕಂಪ್ಯೂಟರ್ ಆಫ್ ಆಗಿತ್ತಲ್ಲ, ಆನ್ ಮಾಡೋಣ ಅಂತ ಬಟನ್ ಒತ್ತಿದೆ. ಆನೇ ಆಗ್ತಿಲ್ಲ. ಆಗಿನಿಂದ ಒತ್ತಿ ಹಿಡ್ಕೊಂಡೇ ಇದ್ದೀನಿ."

ದೀಪದ ವೈರ್ ಮತ್ತೆ ಸಿಕ್ಕಿಸಿದ್ದೇನೆ.