ಇಟಲಿಯಲ್ಲಿ ಗುಂಪಾಗಿ ಸೈಕಲ್ ಪ್ರವಾಸವೇ? ಮಿಂಚೊ ನದಿ ದಂಡೆಯಿಂದ ಶುರು ಮಾಡಿ

ಇಟಲಿಯಲ್ಲಿ ಸೈಕಲ್ ಪ್ರವಾಸ ಅಂದ ಕೂಡಲೇ ಎಲ್ಲರೂ ಟಸ್ಕನಿ ಹೆಸರು ಹೇಳುತ್ತಾರೆ. ಚೆಂದದ ಜಾಗ, ಅನುಮಾನವಿಲ್ಲ. ಆದರೆ ಅಲ್ಲಿ ದಿನವಿಡೀ ಗುಡ್ಡ ಹತ್ತಿ ಇಳಿಯುವುದೇ ಕೆಲಸ. ನಿಮ್ಮ ಗುಂಪಿನಲ್ಲಿ ಅರವತ್ತು ದಾಟಿದವರು, ಕಾಲೇಜು ಬಿಟ್ಟ ಮೇಲೆ ಸೈಕಲ್ಲೇ ಮುಟ್ಟದವರು ಇದ್ದರೆ ಉತ್ತರದ ಮಿಂಚೊ ನದಿ ದಾರಿ ಹಿಡಿಯಿರಿ. ನಾವು ಮಾಡಿದ್ದೂ ಅದನ್ನೇ.

ಗಾರ್ಡಾ ಸರೋವರದ ದಂಡೆಯ ಪೆಸ್ಕಿಯೇರಾದಿಂದ ಮಾಂತೊವಾವರೆಗೆ ಸುಮಾರು 45 ಕಿ.ಮೀ. ಸೈಕಲ್ ದಾರಿ ಇದೆ. ಹೆಚ್ಚಿನ ಕಡೆ ಡಾಂಬರು, ಕಾರುಗಳ ಕಾಟವಿಲ್ಲ, ಏರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪಕ್ಕದಲ್ಲೇ ಹಸಿರು ನೀರು, ಬಕಪಕ್ಷಿಗಳು. ಅರ್ಧ ದಾರಿಗೆ ಮೊದಲೇ ಬೊರ್ಗೆತ್ತೊ ಅನ್ನುವ ಪುಟ್ಟ ಹಳ್ಳಿ ಸಿಗುತ್ತದೆ. ನೀರಿನ ಮೇಲೇ ಕಟ್ಟಿದ ಹಳೇ ಹಿಟ್ಟಿನ ಗಿರಣಿಗಳು, ಮೇಲ್ಗಡೆ 14ನೇ ಶತಮಾನದ ಉದ್ದನೆಯ ಸೇತುವೆ. ಇಲ್ಲಿ ಅವಸರ ಮಾಡಬೇಡಿ, ಗಂಟೆಗಟ್ಟಲೆ ಕೂರಿ.

ಗುಂಪಲ್ಲಿ ಹೋಗುವವರಿಗೆ ಮುಖ್ಯವಾದ ಮಾತು: ನಿಧಾನಕ್ಕೆ ತುಳಿಯುವವರನ್ನು ಮುಂದೆ ಬಿಡಿ, ದಾರಿ ಗೊತ್ತಿರುವ ಒಬ್ಬರು ಕಡೆಯಲ್ಲಿರಲಿ. ಜೋರಾಗಿ ಹೋಗುವವರು ಮುಂದಿದ್ದರೆ ಹಿಂದಿನವರಿಗೆ ನದಿ ನೋಡೋಕೇ ಪುರುಸೊತ್ತು ಸಿಗುವುದಿಲ್ಲ, ಹಾಗಾದರೆ ಅಷ್ಟು ದೂರ ಹೋಗಿ ಏನು ಬಂತು, ಅಲ್ವಾ? ಊರಾಚೆಯ ರಸ್ತೆಗಳಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು ಅಂತ ಕಾನೂನೇ ಇದೆ. ಮಾತಾಡುತ್ತಾ ಅಕ್ಕಪಕ್ಕ ಹೋಗಬೇಡಿ.

ಊಟದ ವಿಷಯ. ಹೆಚ್ಚಿನ ಹೋಟೆಲ್‌ಗಳ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ಏಳರ ಮೇಲೆ. ಅದಕ್ಕೇ ಬೇಗ ಹೊರಡಿ, ಬ್ಯಾಗಲ್ಲಿ ಬ್ರೆಡ್ಡು, ಹಣ್ಣು ಇರಲಿ. ಬೊರ್ಗೆತ್ತೊ ಪಕ್ಕದ ವಲೆಜ್ಜೊ ಊರಿನ ತೊರ್ತೆಲ್ಲಿನಿ (ಹೂರಣ ತುಂಬಿದ ಪುಟ್ಟ ಪಾಸ್ತಾ) ಹೆಸರುವಾಸಿ, ಆದರೆ ಒಳಗಿರುವುದು ಮಾಂಸ. ಸಸ್ಯಾಹಾರಿಗಳು ಮಾಂತೊವಾದಲ್ಲಿ ಸಿಹಿಗುಂಬಳದ ತೊರ್ತೆಲ್ಲಿ ಕೇಳಿ. ತೆಳ್ಳಗಿನ ಹಿಟ್ಟಿನ ಹಾಳೆಯೊಳಗೆ ಕುಂಬಳದ ಹೂರಣ, ಮೇಲೆ ಕರಗಿದ ಬೆಣ್ಣೆ, ಸೇಜ್ ಅನ್ನುವ ಘಮಘಮಿಸುವ ಎಲೆ. ಕಡುಬಿನ ಹಾಗೆ ಸಿಹಿ ಸಿಹಿ, ನಮ್ಮವರೆಲ್ಲ ಎರಡನೇ ಸಲ ತರಿಸಿದರು. ಆದರೆ ಹೂರಣದಲ್ಲಿ ಗಟ್ಟಿ ಚೀಸ್ ಇರುತ್ತದೆ, ಆ ಚೀಸ್‌ಗೆ ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹಾಲು ಒಡೆಸುತ್ತಾರೆ. ಮೊಟ್ಟೆಯೂ ಇರುತ್ತದೆ. ಕಟ್ಟುನಿಟ್ಟಿನವರು ಟೊಮೆಟೊ ಪಾಸ್ತಾವನ್ನು ಚೀಸ್ ಬೇಡ ಅಂತ ಹೇಳಿ ತರಿಸಿಕೊಳ್ಳುವುದೇ ಒಳ್ಳೆಯದು. ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗಿಷ್ಟು ಸೇರಿಸಿದ್ದರೆ ಗಾಬರಿಯಾಗಬೇಡಿ, ಅಲ್ಲಿನ ಪದ್ಧತಿ ಅದು.

ಮಾಂತೊವಾದ ಹಳೇ ಬೀದಿಗಳಿಗೆ ನದಿಯ ಉರುಟುಗಲ್ಲು ಹಾಸಿದ್ದಾರೆ. ಸೈಕಲ್ ಕುಲುಕಿ ಕುಲುಕಿ ಕೈ ಜೋಮು ಹಿಡಿಯುತ್ತದೆ, ಇಳಿದು ತಳ್ಳಿಕೊಂಡೇ ಹೋಗಿ. ಊರನ್ನು ಮೂರು ಕಡೆ ಸುತ್ತಿದ ಕೆರೆಗಳಲ್ಲಿ ಜುಲೈ, ಆಗಸ್ಟಿನಲ್ಲಿ ತಾವರೆ ಅರಳಿರುತ್ತದೆ. ಆದರೆ ಆಗ ಸೆಕೆ ಜಾಸ್ತಿ, ಸೊಳ್ಳೆಯೂ ಇರುತ್ತದೆ, ಆಗಸ್ಟ್ 15ರ ಆಸುಪಾಸು ಅಂಗಡಿಗಳು ಬಾಗಿಲು ಹಾಕಿರುತ್ತವೆ. ನನ್ನ ಮಟ್ಟಿಗೆ ಮೇ ಅಥವಾ ಸೆಪ್ಟೆಂಬರ್ ಸರಿ.

ಮಾಂತೊವಾದಿಂದ ಪೆಸ್ಕಿಯೇರಾಕ್ಕೆ ರೈಲಿನಲ್ಲಿ ವಾಪಸ್ ಬರೋಕೆ ವೆರೋನಾದಲ್ಲಿ ರೈಲು ಬದಲಿಸಬೇಕು. ಸೈಕಲ್ ಚಿಹ್ನೆ ಇರುವ ಪ್ರಾದೇಶಿಕ ರೈಲನ್ನೇ ನೋಡಿ, ಸೈಕಲ್ಲಿಗೆ ಬೇರೆ ಟಿಕೆಟ್ ತೆಗೆಸಿ. ಜಾಗ ಕೆಲವೇ ಸೈಕಲ್ಲುಗಳಿಗೆ ಇರುತ್ತದೆ, ದೊಡ್ಡ ಗುಂಪಾದರೆ ಎರಡು ಮೂರು ರೈಲಿನಲ್ಲಿ ಹಂಚಿಕೊಂಡು ಹೋಗಿ, ವೆರೋನಾ ಸ್ಟೇಷನ್ನಿನಲ್ಲಿ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಂಡಿರಿ.