ಹೀಟ್ ಪಂಪ್ ಬ್ರೇಕರ್ ಟ್ರಿಪ್: ಇಲ್ಲಿಯವರೆಗೆ ಸಿಕ್ಕಿದ್ದು

ಕಾಟ ಇದು: ಚಳಿ, ತೇವ ಎರಡೂ ಇರುವ ಬೆಳಗಿನ ಜಾವ ಹೀಟ್ ಪಂಪಿನ (ಎಸಿಯಂಥದ್ದೇ, ಮನೆಯನ್ನು ಬೆಚ್ಚಗೂ ಮಾಡುವ ಯಂತ್ರ) ಬ್ರೇಕರ್ ಬಿದ್ದಿರುತ್ತದೆ. ಬಿಸಿಲೇರಿದ ಮೇಲೆ ಎತ್ತಿದರೆ ಸಂಜೆವರೆಗೂ ತಕರಾರಿಲ್ಲ.

"ಜಾಸ್ತಿ ಆಂಪಿನ ಬ್ರೇಕರ್ ಹಾಕಿಬಿಡಿ" ಎನ್ನುವವರು ಸಿಗುತ್ತಾರೆ. ಅದು ಆಗದ ಮಾತು. ಬ್ರೇಕರ್ ಕಾಯುವುದು ವೈರನ್ನು. ವೈರ್ ಹಳೆಯದೇ ಇಟ್ಟು ಬ್ರೇಕರ್ ದೊಡ್ಡದು ಮಾಡಿದರೆ, ಟ್ರಿಪ್ ಆಗುವ ಬದಲು ಗೋಡೆಯೊಳಗೆ ವೈರ್ ಬಿಸಿಯಾಗುತ್ತದೆ.

ಮೊದಲ ಸುತ್ತು

ಟರ್ಮಿನಲ್ ಸ್ಕ್ರೂಗಳು ಬಿಗಿ ಇವೆ, ಸುಟ್ಟ ಗುರುತಿಲ್ಲ. ಹೊರಗಿನ ಯೂನಿಟ್ಟಿನ ಕಾಯಿಲ್ ಶುದ್ಧ. ಓಡುವಾಗಿನ ಕರೆಂಟ್ ನೇಮ್‌ಪ್ಲೇಟಿನಲ್ಲಿ ಬರೆದಿದ್ದಕ್ಕಿಂತ ಕಮ್ಮಿ. 45 ಮೈಕ್ರೋಫ್ಯಾರಡ್ ಕೆಪಾಸಿಟರ್ 44 ತೋರಿಸಿತು, ಸಾಕು. (ಕರೆಂಟ್ ತೆಗೆದ ಮೇಲೂ ಕೆಪಾಸಿಟರ್ ಚಾರ್ಜ್ ಹಿಡಿದಿರುತ್ತದೆ. ಡಿಸ್ಚಾರ್ಜ್ ಮಾಡದೆ ಕೈ ಹಾಕಬೇಡಿ.)

ಸುಳಿವು ಸಿಕ್ಕಿತು

ಥರ್ಮೋಸ್ಟಾಟಿನ ದಾಖಲೆ ನೋಡಿದೆ. ಬ್ರೇಕರ್ ಬೀಳುವಾಗ ಕಂಪ್ರೆಸರ್ ಓಡುತ್ತಲೇ ಇರಲಿಲ್ಲ! ಸುಮ್ನೆ ನಿಂತ ಮಷಿನ್ ಓವರ್‌ಲೋಡ್ ಆಗುವುದು ಹೇಗೆ, ಅಲ್ವಾ?

ಇಲ್ಲಿರುವ ಬ್ರೇಕರ್ ಅರ್ತ್ ಲೀಕೇಜನ್ನೂ ನೋಡುವಂಥದ್ದು. ಫೇಸಿನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲಿನಲ್ಲಿ ವಾಪಸ್ ಬರಬೇಕು. 30 ಮಿಲಿಆಂಪ್ ಬೇರೆ ದಾರಿ ಹಿಡಿದರೂ ಬೀಳುತ್ತದೆ, ಕೆಲವು ಸಲ ಅದಕ್ಕೂ ಮೊದಲೇ. ಹಾಗಾದರೆ ಕಂಪ್ರೆಸರ್ ನಿಂತಾಗ ಕರೆಂಟ್ ತಿನ್ನುವುದು ಯಾವುದು? ಕಂಟ್ರೋಲ್ ಬೋರ್ಡ್ ಬಿಟ್ಟರೆ ಕ್ರ್ಯಾಂಕ್‌ಕೇಸ್ ಹೀಟರ್. ಕಂಪ್ರೆಸರಿನ ಬುಡಕ್ಕೆ ಬೆಲ್ಟ್ ಕಟ್ಟಿದ ಹಾಗೆ ಸುತ್ತಿರುತ್ತದೆ. ಚಳಿಯಲ್ಲಿ ಗ್ಯಾಸ್ ದ್ರವವಾಗಿ ಎಣ್ಣೆಯಲ್ಲಿ ಸೇರದಂತೆ ಅದನ್ನು ಬೆಚ್ಚಗಿಡುವುದೇ ಅದರ ಕೆಲಸ. ಅಂದರೆ ಚಳಿ ಇದ್ದು ಕಂಪ್ರೆಸರ್ ನಿಂತಾಗಲೇ ಅದು ಆನ್. ಸಮಯ ಸರಿಯಾಗಿ ಕೂಡಿತು.

ಮೇನ್ ಆಫ್ ಮಾಡಿ, ಹೀಟರಿನ ಎರಡೂ ವೈರ್ ಬಿಚ್ಚಿ, 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಎಷ್ಟು ಗಟ್ಟಿ ಎಂದು ಅಳೆಯುವ ಮೀಟರ್) ಹಿಡಿದೆ. ಬೋರ್ಡ್ ಜೋಡಿಸಿಟ್ಟು ಮೆಗ್ಗರ್ ಹಿಡಿದರೆ ಬೋರ್ಡ್ ಕೈಕೊಡುತ್ತದೆ. ಒಣ ಮಧ್ಯಾಹ್ನ ಕೆಲವು ಮೆಗಾಓಮ್. ಮಂಜು ಬಿದ್ದ ಬೆಳಿಗ್ಗೆ ಮುಳ್ಳು ಸೊನ್ನೆಯ ಹತ್ತಿರ, ಅಂದರೆ ಕರೆಂಟ್ ಸೋರುತ್ತಿದೆ. ವೈರ್ ಹೀಟರಿನ ಒಳಗೆ ಹೋಗುವ ಜಾಗದಲ್ಲಿ ರಬ್ಬರ್ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಬೆರಳಿನಿಂದ ಬಾಗಿಸಿದರೆ ಮಾತ್ರ ಕಾಣುತ್ತದೆ, ಒಳಗೆಲ್ಲ ಹಸಿರುಗಟ್ಟಿದೆ.

ದಾರಿ ತಪ್ಪಿಸುವ ಇನ್ನೊಂದು ವಿಷಯ ಇದರ ಜೊತೆಗೇ ಇತ್ತು. ರಾತ್ರಿ ಬ್ರೇಕರ್ ಬಿದ್ದರೆ ಹೀಟರೂ ಆಫ್. ಎಣ್ಣೆಯಲ್ಲಿ ದ್ರವ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಎತ್ತಿದ ಕೂಡಲೇ ಕಂಪ್ರೆಸರ್ ನರಳಿಕೊಂಡು ಸ್ಟಾರ್ಟ್ ಆಗುತ್ತದೆ, ಜಾಸ್ತಿ ಕರೆಂಟ್ ಎಳೆಯುತ್ತದೆ, ಒಮ್ಮೊಮ್ಮೆ ಆಗಲೂ ಟ್ರಿಪ್. ಅದೊಂದನ್ನೇ ನೋಡಿದವರು ಕಂಪ್ರೆಸರ್ ಹೋಯಿತು ಎಂದೇ ಹೇಳುತ್ತಾರೆ. ಕಂಪ್ರೆಸರ್ ವೈಂಡಿಂಗಿನ ಇನ್ಸುಲೇಶನ್ ಚೆನ್ನಾಗಿಯೇ ಇದೆ.

ಈಗ

ಅದೇ ವ್ಯಾಟಿನ ಹೊಸ ಹೀಟರ್ ಸುತ್ತಾಯಿತು. ಹೀಟರಿಗೆ ಕರೆಂಟ್ ಕೊಟ್ಟು, ಒಂದು ದಿನ ಬಿಟ್ಟು ಕಂಪ್ರೆಸರ್ ಓಡಿಸಿದೆ. ಸದ್ದಿಲ್ಲದೆ ಸ್ಟಾರ್ಟ್ ಆಯಿತು. ಅದಾದ ಮೇಲಿನ ತೇವದ ಬೆಳಿಗ್ಗೆಗಳಲ್ಲಿ ಬ್ರೇಕರ್ ಬಿದ್ದಿಲ್ಲ. ಉಳಿದದ್ದು ಒಂದೇ: ಡಿಫ್ರಾಸ್ಟ್ ನೀರು (ಹೊರಗಿನ ಕಾಯಿಲಿನ ಮೇಲೆ ಕಟ್ಟಿದ ಹಿಮ ಕರಗಿದ್ದು) ಹೀಟರಿನ ವೈರಿನ ಮೇಲೇ ತೊಟ್ಟಿಕ್ಕುತ್ತಿದೆ. ಕ್ಲಿಪ್ ಸರಿಸಿ ವೈರನ್ನು ಪಕ್ಕಕ್ಕೆ ಒಯ್ಯಬೇಕು.